ಕೊಡಲಿ ಯಾರ ಜೊತೆ ಬಂತು?

ಈ ಕಲ್ಲುಕೊಡಲಿಯನ್ನು ಮುಂದಿನ ಸಾಲಿನಿಂದ ಶುರುಮಾಡಿ ಒಬ್ಬೊಬ್ಬರಾಗಿ ಕೈಗೆ ತೆಗೆದುಕೊಂಡು ನೋಡಿ. ಜೋಪಾನ, ಕಾಲ ಮೇಲೆ ಬಿದ್ದರೆ ಪೆಟ್ಟಾಗುತ್ತದೆ. ಇದು ಹಳೆಯ ಕಲ್ಲಲ್ಲ, ನಾನೇ ಮಾಡಿದ್ದು. ನಿಜವಾದ ಹಳೆಯ ಕೊಡಲಿಯನ್ನು ಹೀಗೆ ಕೈಯಿಂದ ಕೈಗೆ ದಾಟಿಸಬಾರದು. ಅದರ ಬಾಯಿಯಲ್ಲಿರುವ ಸಣ್ಣ ಗೀರುಗಳೇ ನಮಗೆ ಬೇಕಾದ ಸಾಕ್ಷಿ.

ಕಪ್ಪು ಕಲ್ಲು. ಭೂವಿಜ್ಞಾನ ಓದಿದವರು ಡೋಲರೈಟ್ ಅನ್ನುತ್ತಾರೆ. ಹಿಂದುಗಡೆ ಮೊನಚು, ಮುಂದುಗಡೆ ಅಗಲವಾದ ಬಾಯಿ, ಎದುರಿಂದ ನೋಡಿದರೆ ತ್ರಿಕೋನ. ಬಾಯಿಯ ಹತ್ತಿರ ಬೆರಳು ಸವರಿದರೆ ನುಣುಪು, ಹಿಂದಕ್ಕೆ ಹೋದ ಹಾಗೆ ಒರಟು. ಇದನ್ನು ಮಾಡಲು ನನಗೆ ಮೂರು ಭಾನುವಾರ ಹಿಡಿಯಿತು. ಸುತ್ತಿಗೆ ಕಲ್ಲಿನಿಂದ ಹೊಡೆದು ಚಕ್ಕೆ ಎಬ್ಬಿಸುವ ಕೆಲಸ ಒಂದು ಗಂಟೆಯದು. ಆಮೇಲೆ ಉಬ್ಬುಗಳನ್ನು ಕುಟ್ಟಿ ಕುಟ್ಟಿ ತಗ್ಗಿಸಬೇಕು. ಉಳಿದ ಹೊತ್ತೆಲ್ಲ ಗ್ರಾನೈಟ್ ಬಂಡೆಯ ಮೇಲೆ ನೀರು, ಮರಳು ಹಾಕಿ ಉಜ್ಜುವುದರಲ್ಲೇ ಹೋಯಿತು. ಉಜ್ಜುವ ಕೆಲಸಕ್ಕೆ ತಾಳ್ಮೆ ಸಾಕು. ಚಕ್ಕೆ ಎಬ್ಬಿಸುವುದಕ್ಕೆ ವಿದ್ಯೆ ಬೇಕು. ಎಲ್ಲಿ ಹೊಡೆಯಬೇಕು, ಯಾವ ಕೋನದಲ್ಲಿ ಹೊಡೆಯಬೇಕು ಅನ್ನುವುದು ಒಂದು ಕೂದಲೆಳೆ ತಪ್ಪಿದರೂ ಕಲ್ಲು ನಡುವೆ ಮುರಿಯುತ್ತದೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನವಶಿಲಾಯುಗ ಅಂದರೆ ದನ ಸಾಕುವುದು, ಬೆಳೆ ತೆಗೆಯುವುದು ಶುರುವಾದ ಕಾಲ. ನಮ್ಮ ಕಡೆ, ಅಂದರೆ ಬಳ್ಳಾರಿ, ರಾಯಚೂರು, ಯಾದಗಿರಿ, ಚಿತ್ರದುರ್ಗದ ಈ ಒಣ ಸೀಮೆಯಲ್ಲಿ, ಅದು ಸುಮಾರು ಕ್ರಿ.ಪೂ. 3000ದಿಂದ ಕ್ರಿ.ಪೂ. 1200ರವರೆಗೆ ನಡೆಯಿತು. ಈ ನುಣುಪು ಕೊಡಲಿ ಆ ಕಾಲದ ಗುರುತು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಇದು ಇಲ್ಲಿಗೆ ಹೇಗೆ ಬಂತು? ಯಾರಾದರೂ ಹೊತ್ತು ತಂದರಾ, ಅಥವಾ ಇಲ್ಲಿದ್ದವರೇ ಮಾಡಲು ಕಲಿತರಾ?

ಈ ಪ್ರಶ್ನೆ ಹೊಸದಲ್ಲ. 1842ರಲ್ಲೇ ಪ್ರಿಮ್ರೋಸ್ ಎಂಬ ವೈದ್ಯರಿಗೆ ಲಿಂಗಸುಗೂರಿನಲ್ಲಿ ಇಂಥ ಕಲ್ಲುಗಳು ಸಿಕ್ಕಿದ್ದವು. ಆಗ ಅವು ಏನು ಅಂತ ಸರಿಯಾಗಿ ಹೇಳುವವರೇ ಇರಲಿಲ್ಲ. ಜಗತ್ತಿನ ಎಷ್ಟೋ ಕಡೆ ಜನ ಇವನ್ನು ಸಿಡಿಲು ಬಡಿದಾಗ ಆಕಾಶದಿಂದ ಬಿದ್ದ ಕಲ್ಲು ಅಂತಲೇ ನಂಬಿದ್ದರು. ಹೊಲದಲ್ಲಿ ಸಿಕ್ಕ ಕೊಡಲಿಗಳನ್ನು ಅರಳಿಕಟ್ಟೆಯಲ್ಲಿಟ್ಟು ಪೂಜೆ ಮಾಡುವುದೂ ಇತ್ತು. ಆಮೇಲೆ ಬಂದವರು ರಾಬರ್ಟ್ ಬ್ರೂಸ್ ಫೂಟ್. ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದವರು. 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಆಯುಧ ಕಂಡವರು ಅವರೇ. ಬಳ್ಳಾರಿ ಸೀಮೆಯನ್ನು ಅವರು ಸುತ್ತಾಡಿದ್ದು ಕಲ್ಲು, ಖನಿಜ ನೋಡುವುದಕ್ಕೆ. ದಾರಿಯಲ್ಲಿ ಸಿಕ್ಕ ಶಿಲಾಯುಧಗಳನ್ನೂ ಒಂದೂ ಬಿಡದೆ ಬರೆದಿಟ್ಟರು. ಬಳ್ಳಾರಿ ಹತ್ತಿರದ ಕಪ್ಪಗಲ್ಲಿನ ಗುಡ್ಡದ ಮೇಲೆ ಕೊಡಲಿ ತಯಾರಿಸುವ ಜಾಗ ಇದೆ ಎಂಬುದೂ ಆ ಕಾಲಕ್ಕೇ ಗೊತ್ತಾಗಿತ್ತು.

ಆಮೇಲೆ 1947. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದರು. ಅಲ್ಲಿ ಅದಕ್ಕೂ ಮುಂಚೆ ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅಗೆದಿದ್ದರು ಅನ್ನುವುದನ್ನು ಮರೆಯಬಾರದು. ವೀಲರ್ ಪದರ ಪದರವಾಗಿ ತೋರಿಸಿದರು: ತಳದಲ್ಲಿ ಕಲ್ಲುಕೊಡಲಿಯ ಜನ, ಅದರ ಮೇಲೆ ಬೃಹತ್ ಶಿಲಾಗೋರಿಯವರು, ಅದರ ಮೇಲೆ ಶಾತವಾಹನರ ಕಾಲ. ಕಲ್ಲುಕೊಡಲಿಯವರ ಕಾಲವನ್ನು ಅವರು ಕ್ರಿ.ಪೂ. 1000ದ ಆಸುಪಾಸಿನಲ್ಲಿ ಶುರುಮಾಡಿದರು. ಹಳೆಯ ಇದ್ದಿಲು, ಎಲುಬಿನ ವಯಸ್ಸು ಹೇಳುವ ಕಾರ್ಬನ್ ಪರೀಕ್ಷೆ ಆಗ ಬಂದಿರಲಿಲ್ಲ. ಕೆಲವೇ ವರ್ಷಗಳಲ್ಲಿ ಆಲ್ಚಿನ್ ಎಂಬ ಇನ್ನೊಬ್ಬ ಬ್ರಿಟಿಷ್ ಪುರಾತತ್ವಜ್ಞರು ಉಟ್ನೂರಿನ ಬೂದಿದಿಬ್ಬ, ಅಂದರೆ ದನದ ಸಗಣಿ ಸುಟ್ಟು ಬೂದಿಯಾಗಿ ಎದ್ದ ದಿಬ್ಬ, ಅಗೆದು ಪರೀಕ್ಷೆ ಮಾಡಿಸಿದಾಗ, ಕಾಲ ಒಂದು ಸಾವಿರ ವರ್ಷಕ್ಕಿಂತ ಜಾಸ್ತಿ ಹಿಂದಕ್ಕೆ ಹೋಯಿತು.

ಈಗ ಬಾಣದ ಗುರುತುಗಳ ಕಥೆಗೆ ಬರೋಣ. ಹಳೆಯ ಪುಸ್ತಕಗಳಲ್ಲಿ ಭಾರತದ ನಕ್ಷೆ ತೆರೆದರೆ ಜನ ಎಲ್ಲಿಂದ ಬಂದರು ಅಂತ ತೋರಿಸುವ ದೊಡ್ಡ ದೊಡ್ಡ ಬಾಣಗಳು ಕಾಣಿಸುತ್ತವೆ. 1932ರಲ್ಲಿ ಆಸ್ಟ್ರಿಯಾದ ಹೈನೆ ಗೆಲ್ಡರ್ನ್ ಎಂಬ ವಿದ್ವಾಂಸರು ಆಗ್ನೇಯ ಏಷ್ಯಾದ ಕೊಡಲಿಗಳನ್ನು ಆಕಾರದ ಮೇಲೆ ವಿಂಗಡಿಸಿದರು. ದುಂಡು ಕೊಡಲಿ ಒಂದು, ಹೆಗಲಿರುವ ಕೊಡಲಿ ಇನ್ನೊಂದು, ಚೌಕಾಕಾರದ್ದು ಮತ್ತೊಂದು. ಒಂದೊಂದು ಆಕಾರಕ್ಕೂ ಒಂದೊಂದು ಜನ, ಒಂದೊಂದು ಭಾಷಾ ಕುಟುಂಬ, ಒಂದೊಂದು ವಲಸೆಯನ್ನು ಜೋಡಿಸಿದರು. 1949ರಲ್ಲಿ ವರ್ಮನ್ ಎಂಬುವರು ಭಾರತದ ಕೊಡಲಿಗಳೂ ಪೂರ್ವದಿಂದಲೇ ಬಂದವು ಎಂದು ವಾದಿಸಿದರು. ವೀಲರ್‌ಗೂ ಅದು ಸರಿ ಅನಿಸಿತ್ತು. ಆಲ್ಚಿನ್ ಒಪ್ಪಲಿಲ್ಲ. ನಮ್ಮ ಮೊನಚು ಹಿಂಬದಿಯ ಕೊಡಲಿಯನ್ನೂ ಬೂದು ಬಣ್ಣದ ಮಡಕೆಯನ್ನೂ ಇಟ್ಟುಕೊಂಡು ಅವರು ಇರಾನಿನ ಕಡೆ ನೋಡಿದರು. ಒಬ್ಬರ ಬಾಣ ಪೂರ್ವದಿಂದ, ಇನ್ನೊಬ್ಬರದು ವಾಯವ್ಯದಿಂದ. ಎರಡೂ ಬಂದು ಚುಚ್ಚಿದ್ದು ನಮ್ಮ ತುಂಗಭದ್ರೆಯ ದಂಡೆಗೇ!

ಇವರೆಲ್ಲ ದೊಡ್ಡವರು. ಬಿಸಿಲಿನಲ್ಲಿ ಬೆಂದು ಕೆಲಸ ಮಾಡಿದವರು. ಅವರ ಬರಹ ಓದದೆ ನಾವು ಒಂದು ಹೆಜ್ಜೆಯೂ ಇಡುವ ಹಾಗಿಲ್ಲ. ಆದರೆ ಆಕಾರ ಒಂದನ್ನೇ ನಂಬಿದರೆ ಏನಾಗುತ್ತದೆ ಅಂತ ಹೇಳಬೇಕು. ನಮ್ಮೂರಿನಲ್ಲಿ ಬಡಗಿಯೊಬ್ಬರಿದ್ದರು. ಅವರ ಬಾಚಿಯನ್ನು ಜಪಾನಿನ ಬಡಗಿಯ ಬಾಚಿಯ ಪಕ್ಕದಲ್ಲಿಟ್ಟರೆ ಅಣ್ಣ ತಮ್ಮಂದಿರ ಹಾಗೆ ಕಾಣುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಮರ ಕೆತ್ತಬೇಕಾದರೆ ಬಾಯಿ ಹೇಗಿರಬೇಕು ಅಂತ ಮರವೇ ಕಲಿಸುತ್ತದೆ. ಆಕಾರ ಒಂದೇ ಆದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟುವುದು ಅವಸರ, ಅಲ್ವಾ?

ಹಾಗಾದರೆ ಕಲ್ಲಿನಿಂದ ಜನರ ಓಡಾಟ ಗೊತ್ತಾಗುವುದೇ ಇಲ್ಲವಾ? ಗೊತ್ತಾಗುತ್ತದೆ. ಬಹಳ ಚೆನ್ನಾಗಿ ಗೊತ್ತಾಗುತ್ತದೆ. ಕೇಳುವ ಪ್ರಶ್ನೆ ಬದಲಾಗಬೇಕು ಅಷ್ಟೆ. ಈ ಕಲ್ಲು ಯಾವ ಬಂಡೆಯಿಂದ ಬಂತು? ಯಾವ ಕ್ರಮದಲ್ಲಿ ಪೆಟ್ಟು ಬಿತ್ತು? ಏನು ಕಡಿದು ಸವೆಯಿತು?

ಕಲ್ಲಿನ ತವರು ಹುಡುಕುವ ಕೆಲಸ ಚೆನ್ನಾಗಿ ಶುರುವಾದದ್ದು 1960ರ ದಶಕದಲ್ಲಿ. ಜ್ವಾಲಾಮುಖಿಯ ಲಾವಾ ಬೇಗ ತಣಿದಾಗ ಕಪ್ಪು ಗಾಜಿನಂಥ ಕಲ್ಲಾಗುತ್ತದೆ. ಅದಕ್ಕೆ ಅಬ್ಸಿಡಿಯನ್ ಅಂತ ಹೆಸರು. ಒಡೆದರೆ ಕ್ಷೌರದ ಬ್ಲೇಡಿಗಿಂತ ಹರಿತ. ಕಾಲಿನ್ ರೆನ್‌ಫ್ರೂ, ಡಿಕ್ಸನ್, ಕ್ಯಾನ್ ಎಂಬ ಮೂವರು ಒಂದು ವಿಷಯ ಕಂಡುಕೊಂಡರು. ಒಂದೊಂದು ಜ್ವಾಲಾಮುಖಿಯ ಗಾಜಿನಲ್ಲೂ ಬೇರಿಯಂ, ಜಿರ್ಕೋನಿಯಂ ಮುಂತಾದವು ಅತಿ ಸಣ್ಣ ಪ್ರಮಾಣದಲ್ಲಿ ಇರುತ್ತವೆ, ಆ ಪ್ರಮಾಣ ಬೆಟ್ಟದಿಂದ ಬೆಟ್ಟಕ್ಕೆ ಬೇರೆ. ಹಾಗಾಗಿ ಒಂದು ಚೂರು ಗಾಜು ಸಿಕ್ಕರೆ ಅದರ ಬೆಟ್ಟದ ಹೆಸರು ಹೇಳಬಹುದು. ಜೋರ್ಡನ್ ಕಣಿವೆಯ ಜೆರಿಕೋದಲ್ಲಿ, ಮಡಕೆ ಮಾಡುವುದನ್ನೂ ಕಲಿಯದ ಆ ಮೊದಲ ರೈತರ ಊರಿನಲ್ಲಿ, ಸಿಕ್ಕ ಗಾಜು ನೂರಾರು ಕಿಲೋಮೀಟರ್ ದೂರದ ಟರ್ಕಿಯ ಗೊಲ್ಲುದಾಗ್ ಬೆಟ್ಟದ್ದು. ಬೆಟ್ಟದಿಂದ ಸುಮಾರು 300 ಕಿಲೋಮೀಟರ್ ಒಳಗಿನ ಊರುಗಳಲ್ಲಿ ಚಕ್ಕೆ ಆಯುಧಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಈ ಗಾಜಿನವೇ. ಅದರಾಚೆಗೆ ಸಂಖ್ಯೆ ದಡದಡನೆ ಇಳಿಯುತ್ತದೆ. ಅಂದರೆ ಹತ್ತಿರದವರು ತಾವೇ ಹೋಗಿ ತರುತ್ತಿದ್ದರು. ದೂರದವರಿಗೆ ಅದು ಊರಿಂದ ಊರಿಗೆ, ಕೈಯಿಂದ ಕೈಗೆ ಬರುತ್ತಿತ್ತು.

ಇದರಲ್ಲಿ ನನಗೆ ತುಂಬ ಮುಖ್ಯ ಅನಿಸುವ ಸಂಗತಿ ಇನ್ನೊಂದಿದೆ. ಗ್ರೀಸಿನಲ್ಲಿ ಫ್ರಾಂಕ್ತಿ ಅಂತ ಒಂದು ಗುಹೆ ಇದೆ. ಅಲ್ಲಿ ಮೆಲೋಸ್ ದ್ವೀಪದ ಅಬ್ಸಿಡಿಯನ್ ಸಿಕ್ಕಿದೆ. ಅದು ಸಿಕ್ಕ ಪದರ ಕೃಷಿ ಬರುವುದಕ್ಕೆ ಸಾವಿರಾರು ವರ್ಷ ಮೊದಲಿನದು. ದ್ವೀಪದಿಂದ ಕಲ್ಲು ಬರಬೇಕಾದರೆ ದೋಣಿ ಬೇಕು, ದಾರಿ ಗೊತ್ತಿರಬೇಕು. ಬೇಟೆಗಾರರಿಗೇ ಆ ದಾರಿ ಗೊತ್ತಿತ್ತು. ಮುಂದೆ ರೈತರು ಬೀಜ, ಕುರಿ, ಮೇಕೆ ಕಟ್ಟಿಕೊಂಡು ಸಮುದ್ರ ದಾಟಿದಾಗ, ಆ ಕಡಲಿನಲ್ಲಿ ಓಡಾಡುವುದು ಅಲ್ಲಿನವರಿಗೆ ಎಂದೋ ರೂಢಿಯಾಗಿತ್ತು. ನವಶಿಲಾಯುಗ ಹರಡಿತು ಅಂದಾಗ ನಾವು ಖಾಲಿ ಜಾಗದಲ್ಲಿ ನೀರು ಹರಿದ ಹಾಗೆ ಕಲ್ಪಿಸಿಕೊಳ್ಳುತ್ತೇವೆ. ಜಾಗ ಎಲ್ಲೂ ಖಾಲಿ ಇರಲಿಲ್ಲ.

ಜನರೇ ಗುಂಪಾಗಿ ಹೋದ ಉದಾಹರಣೆಯೂ ಇದೆ, ಅದನ್ನೂ ಹೇಳಬೇಕು. ಮಧ್ಯ ಯುರೋಪಿನಲ್ಲಿ ಸುಮಾರು ಕ್ರಿ.ಪೂ. 5500ರಿಂದ ಕೃಷಿ ಹರಡಿತು. ಹಂಗೇರಿ ಕಡೆಯಿಂದ ಕೆಲವೇ ಶತಮಾನಗಳಲ್ಲಿ ರೈನ್ ನದಿಯವರೆಗೆ. ಆ ರೈತರ ಹತ್ತಿರ ಉದ್ದನೆಯ ಒಂದು ಕಲ್ಲಿನ ಬಾಚಿ ಇರುತ್ತಿತ್ತು. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ಶೂ ಹೊಲಿಯುವವರ ಮರದ ಅಚ್ಚಿನ ಹಾಗಿದೆ ಅಂತ ಜರ್ಮನರು ಅದಕ್ಕೆ ಆ ಹೆಸರನ್ನೇ ಇಟ್ಟರು. ಬಹಳ ಕಾಲ ಅದು ನೆಲ ಅಗೆಯುವ ಗುದ್ದಲಿ ಅಂತಲೋ ನೇಗಿಲ ಕುಳ ಅಂತಲೋ ತಿಳಿದಿದ್ದರು. ರೈತರ ಆಯುಧ ಅಂದ ಮೇಲೆ ಹೊಲದ್ದೇ ಇರಬೇಕು ಅನ್ನುವ ಊಹೆ. ಬಾಯಿಯ ಸವೆತ ನೋಡಿದರೆ ಮರದ ಕೆಲಸದ್ದು. ಆಮೇಲೆ ಲೈಪ್‌ಜಿಗ್ ಹತ್ತಿರ ಆ ಕಾಲದ ಬಾವಿಗಳೇ ಸಿಕ್ಕವು. 7000 ವರ್ಷ ಹಳೆಯ ಓಕ್ ಹಲಗೆಗಳು, ಮೂಲೆಗಳಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಜೋಡಣೆ, ಹಲಗೆಯ ಮೇಲೆ ಬಾಚಿಯ ಏಟಿನ ಗುರುತು. ಕಬ್ಬಿಣ ಇಲ್ಲ, ತಾಮ್ರ ಇಲ್ಲ, ಕಲ್ಲಿನಲ್ಲೇ ಅಂಥ ಮರಗೆಲಸ! ಅದೇ ಬಾಚಿಯಿಂದ ಮನುಷ್ಯರ ತಲೆಯನ್ನೂ ಒಡೆದಿದ್ದಾರೆ. ಟಾಲ್‌ಹೈಮ್ ಎಂಬಲ್ಲಿ ಒಂದೇ ಗುಂಡಿಯಲ್ಲಿ 34 ಜನರ ಅಸ್ಥಿ ಸಿಕ್ಕಿತು. ತಲೆಬುರುಡೆಯ ತೂತುಗಳು ಬಾಚಿಯ ಬಾಯಿಗೆ ಸರಿಹೊಂದುತ್ತವೆ.

ಆ ಬಾಚಿಗಳಲ್ಲಿ ಬಹಳಷ್ಟು ಒಂದೇ ಕಲ್ಲಿನವು. ಆ ಕಲ್ಲು ಚೆಕ್ ದೇಶದ ಉತ್ತರದ ಯಿಜೆರಾ ಬೆಟ್ಟಗಳದ್ದು. ನೂರಾರು ಕಿಲೋಮೀಟರ್ ದೂರ ಹೋದಾಗಲೂ ಜನ ಆ ಕಲ್ಲೇ ಬೇಕು ಅಂತ ತರಿಸಿಕೊಂಡಿದ್ದಾರೆ. ಮನೆ ಕಟ್ಟುವ ರೀತಿ ಅದೇ, ಮಡಕೆ ಅದೇ, ಬಾಚಿ ಅದೇ, ಬಾಚಿಯ ಕಲ್ಲೂ ಅದೇ. ಇತ್ತೀಚೆಗೆ ಅವರ ಎಲುಬಿನ ಡಿಎನ್ಎ ನೋಡಿದಾಗ ಬಹುಪಾಲು ಅನಟೋಲಿಯಾದ, ಅಂದರೆ ಇವತ್ತಿನ ಟರ್ಕಿಯ, ಮೊದಲ ರೈತರ ವಂಶ ಅಂತ ಗೊತ್ತಾಯಿತು. ಅಲ್ಲಿ ನಿಜವಾಗಿಯೂ ಮನುಷ್ಯರೇ ಹೋಗಿದ್ದಾರೆ. ಹಳೆಯ ಬಾಣ ಅಲ್ಲಿ ಸರಿಯಾಗಿತ್ತು. ಆದರೆ ಯುರೋಪಿನ ಆ ಚಿತ್ರವನ್ನು ತಂದು ನಮ್ಮ ಗುಡ್ಡಗಳ ಮೇಲೆ ಅಂಟಿಸಬಾರದು. ನಮ್ಮ ಬಿಸಿ ನೆಲದಲ್ಲಿ ಡಿಎನ್ಎ ಉಳಿಯುವುದು ಬಹಳ ಕಷ್ಟ. ಹಾಗಾಗಿ ಇಲ್ಲಿ ಕಲ್ಲನ್ನೇ ಜಾಸ್ತಿ ಕೇಳಬೇಕು.

ಈಗ ಬಳ್ಳಾರಿಗೆ ಬರೋಣ. ನಿಮ್ಮಲ್ಲಿ ಎಷ್ಟು ಜನ ಸಂಗನಕಲ್ಲು ನೋಡಿದ್ದೀರಿ? ನೋಡದಿದ್ದರೆ ಒಂದು ದಿನ ಬೆಳಿಗ್ಗೆ ಬಿಸಿಲೇರುವ ಮುಂಚೆ ಹೋಗಿ. ಗ್ರಾನೈಟ್ ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಗುಡ್ಡಗಳು. ಸಣ್ಣರಾಚಮ್ಮನ ಗುಡ್ಡ, ಹಿರೇಗುಡ್ಡ, ಚೌಡಮ್ಮನ ಗುಡ್ಡ. 1940ರ ದಶಕದಲ್ಲಿ ಸುಬ್ಬರಾವ್ ಇಲ್ಲಿ ಅಗೆದರು. 1960ರ ದಶಕದಲ್ಲಿ ಅನ್ಸಾರಿ ಮತ್ತು ನಾಗರಾಜರಾವ್ ಅಗೆದರು. ಆಮೇಲೆ ರವಿ ಕೊರಿಶೆಟ್ಟರ್, ನಿಕೋಲ್ ಬೊಯಿವಿನ್, ಡೋರಿಯನ್ ಫುಲ್ಲರ್ ಅವರ ತಂಡ ವರ್ಷಗಟ್ಟಲೆ ಕೆಲಸ ಮಾಡಿತು.

ಹಿರೇಗುಡ್ಡದ ಮೇಲೆ ಹತ್ತಿದರೆ ಬೂದು, ಗುಲಾಬಿ ಗ್ರಾನೈಟಿನ ನಡುವೆ ಕಪ್ಪನೆಯ ಒಂದು ಪಟ್ಟಿ ಹಾದುಹೋಗಿರುವುದು ಕಾಣುತ್ತದೆ. ಅದೇ ಡೋಲರೈಟ್. ಕೋಟ್ಯಂತರ ವರ್ಷಗಳ ಹಿಂದೆ ಗ್ರಾನೈಟ್ ಸೀಳಿದಾಗ ಆ ಸೀಳಿನೊಳಗೆ ಕರಗಿದ ಕಲ್ಲು ಏರಿ ಬಂದು ತಣಿದದ್ದು. ಪಕ್ಕದ ಕಪ್ಪಗಲ್ಲು ಅನ್ನುವ ಊರಿನ ಹೆಸರು ಕೇಳಿದಾಗಲೆಲ್ಲ ನನಗೆ ಈ ಕಪ್ಪು ಪಟ್ಟಿಯೇ ಕಣ್ಣಿಗೆ ಬರುತ್ತದೆ. ಹೆಸರು ಅದರಿಂದಲೇ ಬಂತು ಅಂತ ನಾನು ಹೇಳುತ್ತಿಲ್ಲ. ಆ ಕಪ್ಪು ಬಂಡೆಗಳ ಮೇಲೆ ಇಣಿ ಇರುವ, ಉದ್ದ ಕೊಂಬಿನ ದನಗಳ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. ಕೆಲವು ಬಂಡೆಗಳಿಗೆ ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ಕಣ್ ಅಂತ ನಾದ ಬರುತ್ತದೆ. ಹಾಗೆ ಬಡಿದು ಬಡಿದು ಬಂಡೆಯಲ್ಲಿ ಸಣ್ಣ ಕುಳಿ ಬಿದ್ದಿವೆ. ನಾನು ಮೊದಲ ಸಲ ಆ ಸದ್ದು ಕೇಳಿದಾಗ ಕೈ ಹಿಂದಕ್ಕೆ ತೆಗೆದುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಅದೇ ಬಂಡೆಯನ್ನು ಅವರೂ ಬಡಿದಿದ್ದರಲ್ಲ ಅಂತ.

ಆ ಗುಡ್ಡದ ಮೇಲೆ ಕೊಡಲಿಗಳಿಗಿಂತ ಜಾಸ್ತಿ ಇರುವುದು ಕೊಡಲಿ ಮಾಡುವಾಗ ಬಿದ್ದ ಚಕ್ಕೆಗಳು. ಕಾಲಿಟ್ಟಲ್ಲೆಲ್ಲ ಚಕ್ಕೆ. ನಡುವೆ ಮುರಿದ ಅರೆಬರೆ ಕೊಡಲಿಗಳು. ಗ್ರಾನೈಟ್ ಮೇಲೆ ಉಜ್ಜಿ ಉಜ್ಜಿ ಬಿದ್ದ ನುಣುಪಾದ ತಗ್ಗುಗಳು. ಚಕ್ಕೆ ಬಡಗಿಯ ಮನೆಯ ಹೊಟ್ಟಿನ ಹಾಗೆ. ಕುರ್ಚಿ ಎಲ್ಲಿಗೆ ಬೇಕಾದರೂ ಹೋಗಬಹುದು, ಹೊಟ್ಟು ಮಾತ್ರ ಕೆತ್ತಿದ ಜಾಗದಲ್ಲೇ ಇರುತ್ತದೆ. ಹಾಗಾಗಿ ಚಕ್ಕೆಗಳನ್ನು ದೊಡ್ಡದು, ಮಧ್ಯಮ, ಚಿಕ್ಕದು ಅಂತ ವಿಂಗಡಿಸಿ, ಎಲ್ಲೆಲ್ಲಿ ಯಾವುದು ಬಿದ್ದಿದೆ ಅಂತ ಗುರುತು ಮಾಡಿದರೆ ಯಾವ ಹಂತದ ಕೆಲಸ ಎಲ್ಲಿ ನಡೆಯಿತು ಅಂತ ತಿಳಿಯುತ್ತದೆ. ಇಲ್ಲಿ ನಡೆದ ಕೆಲಸ ಒಂದು ಊರಿನ ಬಳಕೆಗೆ ಬೇಕಾದಷ್ಟಕ್ಕಿಂತ ಬಹಳ ಜಾಸ್ತಿ. ಹೊರಗಿನವರಿಗೂ ಕೊಡಲಿ ಹೋಗುತ್ತಿತ್ತು ಅನ್ನದೆ ಬೇರೆ ದಾರಿಯಿಲ್ಲ.

ಇಷ್ಟು ದೊಡ್ಡದಾಗಿ ಕೆಲಸ ನಡೆದದ್ದು ಯಾವಾಗ? ನವಶಿಲಾಯುಗದ ಕೊನೆಯ ಶತಮಾನಗಳಲ್ಲಿ. ದನ ಬಂದು, ಬೂದಿದಿಬ್ಬಗಳು ಎದ್ದು, ಊರು ನೆಲೆಯೂರಿ ಎಷ್ಟೋ ತಲೆಮಾರು ಕಳೆದ ಮೇಲೆ. ಕೊಡಲಿ ಮೊದಲಿನಿಂದಲೂ ಇತ್ತು, ನಿಜ. ಆದರೆ ಅದರ ಸುಗ್ಗಿ ಬಂದದ್ದು ಕೊನೆಗೆ. ನಾನು ಈ ಸಂಜೆ ಮುಖ್ಯವಾಗಿ ಹೇಳಲು ಬಂದದ್ದು ಇದೇ. ಬಂದವರ ಗುರುತು ಅಂತ ನಾವು ನೂರು ವರ್ಷದಿಂದ ಎತ್ತಿ ತೋರಿಸುತ್ತಿರುವ ಈ ಕೊಡಲಿ, ನೆಲೆ ನಿಂತವರ ಗುರುತು. ಇಲ್ಲಿನ ಬಂಡೆಯ ಗುಣ ಅರಿತು, ಯಾವ ಪಟ್ಟಿಯ ಕಲ್ಲು ಒಳ್ಳೆಯದು ಅಂತ ತಿಳಿದು, ನೆರೆಹೊರೆಯವರ ಜೊತೆ ಕೊಡು ಕೊಳ್ಳುವುದು ಬೆಳೆದ ಮೇಲೆ ಆದ ಕೆಲಸ ಅದು. ವಲಸೆಯ ನಕ್ಷೆ ಬರೆಯಲು ಅದನ್ನೇ ಹಿಡಿದರೆ ತಪ್ಪು ತುದಿಯಿಂದ ದಾರ ಎಳೆದ ಹಾಗೆ.

ಹಾಗಾದರೆ ಬಂದ ಕಾಲವನ್ನು ಯಾವ ಕಲ್ಲಿನಲ್ಲಿ ಹುಡುಕಬೇಕು? ನನ್ನ ಉತ್ತರ: ಸಣ್ಣ ಕಲ್ಲಿನಲ್ಲಿ. ಬೆರಳಿನಷ್ಟು, ಉಗುರಿನಷ್ಟು ಇರುವ ಅಲಗುಗಳಲ್ಲಿ. ವಸ್ತುಸಂಗ್ರಹಾಲಯಗಳಲ್ಲಿ ಇವನ್ನು ಯಾರೂ ನಿಂತು ನೋಡುವುದಿಲ್ಲ. ನನಗೆ ಅದು ಯಾವಾಗಲೂ ಬೇಜಾರಿನ ವಿಷಯ. ಸುಬ್ಬರಾವ್ ಸಂಗನಕಲ್ಲಿನಲ್ಲಿ ಅಗೆದಾಗ ನವಶಿಲಾಯುಗದ ಪದರದ ಕೆಳಗೆ ಬೆಣಚುಕಲ್ಲಿನ ಸೂಕ್ಷ್ಮ ಶಿಲಾಯುಧಗಳು ಸಿಕ್ಕವು. ಅವು ಬೇಟೆಗಾರರವು. ಮೇಲಿನ ಪದರದ ದನಗಾಹಿಗಳ ಹತ್ತಿರವೂ ಸಣ್ಣ ಅಲಗುಗಳಿವೆ. ಬೆನ್ನು ಮೊಂಡು ಮಾಡಿ, ಕಾವಿನೊಳಗೆ ಸಾಲಾಗಿ ಕೂರಿಸುವಂಥವು. ಕೊಡಲಿ ಬಂತು, ಮಡಕೆ ಬಂತು, ದನ ಬಂತು. ಸಣ್ಣ ಅಲಗಿನ ಬಳಕೆ ನಿಲ್ಲಲಿಲ್ಲ.

ಆಗಲೇ ನೆನಪಿಡಿ ಅಂದಿದ್ದೆ: ಉಜ್ಜುವುದಕ್ಕೆ ತಾಳ್ಮೆ, ಚಕ್ಕೆ ಎಬ್ಬಿಸುವುದಕ್ಕೆ ವಿದ್ಯೆ. ನುಣುಪು ಕೊಡಲಿಯ ರೂಪವನ್ನು ಯಾರದಾದರೂ ಕೈಯಲ್ಲಿ ಕಂಡರೆ ನಾವು ಹೇಗೋ ಹಾಗೆಯೇ ಒಂದನ್ನು ಮಾಡಬಹುದು. ಅಲಗಿನ ವಿದ್ಯೆ ಹಾಗಲ್ಲ. ಉದ್ದನೆಯ ಅಲಗು ಸಾಲಾಗಿ ಬರಬೇಕಾದರೆ ಮೊದಲು ಕಲ್ಲಿನ ಒಂದು ಅಂಚಿನಲ್ಲಿ ಆ ಕಡೆ ಈ ಕಡೆ ಸಣ್ಣ ಪೆಟ್ಟು ಕೊಟ್ಟು ಏಣು, ಅಂದರೆ ಉಬ್ಬಿದ ಗೆರೆ, ಮಾಡಬೇಕು. ಆ ಏಣನ್ನು ಮೇಲಿನಿಂದ ಒಂದೇ ಪೆಟ್ಟಿಗೆ ಎಬ್ಬಿಸಿದರೆ ಎರಡು ನೇರ ಗೆರೆ ಉಳಿಯುತ್ತದೆ. ಆ ಗೆರೆ ಹಿಡಿದು ಮುಂದಿನ ಅಲಗುಗಳು ಬಾಳೆದಿಂಡಿನ ಪದರದ ಹಾಗೆ ಏಳುತ್ತವೆ. ಸಿದ್ಧವಾದ ಅಲಗನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಈ ಗುಟ್ಟು ಹೊಳೆಯುವುದು ಕಷ್ಟ. ಪಕ್ಕದಲ್ಲಿ ಕೂತು ಕಲಿಯಬೇಕು. ಸಿಂಧೂ ಕಣಿವೆಯವರಿಗೆ ಈ ವಿಧಾನ ಗೊತ್ತಿತ್ತು. ಮಾಳವದ, ಮಹಾರಾಷ್ಟ್ರದ ತಾಮ್ರಶಿಲಾಯುಗದ, ಅಂದರೆ ತಾಮ್ರ, ಕಲ್ಲು ಎರಡನ್ನೂ ಬಳಸುತ್ತಿದ್ದ ಕಾಲದ, ಊರುಗಳಲ್ಲಿ ಇದು ಇದೆ. ನಮ್ಮ ಉತ್ತರ ಕರ್ನಾಟಕದಲ್ಲೂ ಕಾಣುತ್ತದೆ. ಗ್ರಾನೈಟ್ ಗುಡ್ಡಗಳಲ್ಲಿ ಇದಕ್ಕೆ ಬೇಕಾದ ಒಳ್ಳೆಯ ಚಕಮಕಿ ಕಲ್ಲು ಇಲ್ಲ. ಭೀಮಾ ಕಡೆಯ ಸುಣ್ಣಕಲ್ಲಿನ ಪದರಗಳಲ್ಲಿ ಇದೆ. ಕೆ. ಪದ್ದಯ್ಯ ಅವರು ಸುರಪುರ ಸೀಮೆಯಲ್ಲಿ ಹಳ್ಳಿ ಹಳ್ಳಿ ನಡೆದು ಈ ಊರುಗಳನ್ನು ಗುರುತಿಸಿದರು. ಬೂದಿಹಾಳದಲ್ಲಿ ಅವರು ಅಗೆದಾಗ ದನ ಕಡಿದು ಹಂಚಿಕೊಂಡ ನೆಲವೇ ಸಿಕ್ಕಿತು. ಹಾಗಾಗಿ ನಕ್ಷೆಯಲ್ಲಿ ಬಾಣ ಬರೆಯಲೇಬೇಕು ಅಂದರೆ ನಾನು ಈ ಏಣಿನ ಅಲಗನ್ನು ಹಿಡಿದು ಬರೆಯುತ್ತೇನೆ. ಅದು ಜನಾಂಗದ ಬಾಣ ಅಲ್ಲ, ಕಲಿಸಿದವರು ಕಲಿತವರ ನಡುವಿನ ಬಾಣ. ಮದುವೆಯಾಗಿ ಬಂದವರು, ದನ ಮೇಯಿಸುತ್ತ ಬಂದವರು, ಕಲ್ಲು ಕೊಳ್ಳಲು ಬಂದು ಉಳಿದವರು, ಎಲ್ಲರೂ ಅದರಲ್ಲಿ ಇರಬಹುದು.

ಇನ್ನು ಅರೆಯುವ ಕಲ್ಲು. ಕೊಡಲಿ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ, ಇದನ್ನು ಮಾತ್ರ ಒಂದು ಸಾಲಿನಲ್ಲಿ ಮುಗಿಸುತ್ತೇವೆ. ನಮ್ಮ ಅಜ್ಜಿಯ ಮನೆಯ ಬೀಸುಕಲ್ಲಿನಂಥ ತಿರುಗುವ ಕಲ್ಲು ಆಗಿನ್ನೂ ಇರಲಿಲ್ಲ. ಚಪ್ಪಟೆ ಕಲ್ಲಿನ ಮೇಲೆ ಗುಂಡು ಹಿಡಿದು ಹಿಂದೆ ಮುಂದೆ ಉಜ್ಜಬೇಕು. ಮಂಡಿ ಊರಿ, ಬೆನ್ನು ಬಗ್ಗಿಸಿ. ಫುಲ್ಲರ್ ಮತ್ತು ಕೊರಿಶೆಟ್ಟರ್ ತಂಡ ಈ ಊರುಗಳ ಮಣ್ಣನ್ನು ನೀರಿನಲ್ಲಿ ಕಲಸಿ, ತೇಲಿ ಬಂದ ಕರಕಲು ಕಾಳುಗಳನ್ನು ಸೋಸಿ ನೋಡಿತು. ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆ. ಎಲ್ಲ ಈ ನೆಲದವೇ. ಗೋಧಿ, ಬಾರ್ಲಿ ಆಮೇಲೆ, ಸುಮಾರು ಕ್ರಿ.ಪೂ. 2000ದ ಆಸುಪಾಸಿನಲ್ಲಿ ಉತ್ತರದಿಂದ ಬಂದು ಸೇರಿಕೊಂಡವು. ಕುರಿ ಮೇಕೆಯೂ ಹೊರಗಿನಿಂದ ಬಂದವೇ. ಅವುಗಳ ಕಾಡು ಪೂರ್ವಜರು ಈ ಬಯಲುಗಳಲ್ಲಿ ಇರಲಿಲ್ಲ.

ಇಲ್ಲಿ ಒಂದು ಪಕ್ಕದ ಮಾತು. ಪಶ್ಚಿಮ ಏಷ್ಯಾದಲ್ಲೂ ಬಲೂಚಿಸ್ತಾನದ ಮೆಹರ್‌ಗಢದಲ್ಲೂ ಕುಡುಗೋಲಿಗೆ ಕೂರಿಸಿದ ಕಲ್ಲಿನ ಅಲಗುಗಳು ಸಿಗುತ್ತವೆ. ಗೋಧಿ, ಬಾರ್ಲಿಯ ದಂಟು ಕೊಯ್ದು ಕೊಯ್ದು ಅಲಗಿನ ಅಂಚಿಗೆ ಎಣ್ಣೆ ಸವರಿದ ಹಾಗೆ ಹೊಳಪು ಬಂದಿರುತ್ತದೆ. ಕುಡುಗೋಲು ಕಂಡರೆ ಕೃಷಿ, ಕಾಣದಿದ್ದರೆ ಕೃಷಿ ಇಲ್ಲ ಅನ್ನುವ ಅಭ್ಯಾಸ ಹಾಗೆ ಬೆಳೆಯಿತು. ನಮ್ಮ ಕಡೆ ಹೊಲದ ಕೆಲಸ ಗೊತ್ತಿರುವವರನ್ನು ಕೇಳಿ ನೋಡಿ. ಹುರುಳಿಯನ್ನು ಕೊಯ್ಯುವುದಕ್ಕಿಂತ ಕೀಳುವುದೇ ಜಾಸ್ತಿ. ಬೇರು ಸಮೇತ ಕಿತ್ತು ಕಣಕ್ಕೆ ಹಾಕುತ್ತಾರೆ. ಹೆಸರುಕಾಯಿಯನ್ನು ಬಿಡಿಸುತ್ತಾರೆ. ಹಾಗಿರುವಾಗ ಕುಡುಗೋಲಿನ ಹೊಳಪು ಎಲ್ಲಿಂದ ಬರಬೇಕು? ಇಲ್ಲಿನ ಕೃಷಿಯ ಸಾಕ್ಷಿ ಅರೆಯುವ ಕಲ್ಲಿನ ಸವೆತದಲ್ಲಿದೆ. ಗೋಧಿ ನಾಡಿನಲ್ಲಿ ಮಾಡಿದ ಅಳತೆಗೋಲನ್ನು ಹುರುಳಿ ನಾಡಿಗೆ ತಂದರೆ ಅಳತೆ ತಪ್ಪುತ್ತದೆ.

ಪೂರ್ವದ ಬಾಣ ಪೂರ್ತಿ ಸುಳ್ಳಾ ಅಂತ ನೀವು ಕೇಳಬಹುದು. ಇಲ್ಲ, ಅದು ತಪ್ಪು ಜಾಗಕ್ಕೆ ಬಂದಿತ್ತು. ಅಸ್ಸಾಮಿನ ದಾವೋಜಲಿ ಹಾಡಿಂಗ್‌ನಲ್ಲಿ 1960ರ ದಶಕದಲ್ಲಿ ಹೆಗಲಿರುವ ಕೊಡಲಿಗಳು ಸಿಕ್ಕವು. ಜೊತೆಗೆ ಹುರಿ ಒತ್ತಿದ ಗುರುತಿನ ಮಡಕೆಗಳು, ಜೇಡ್ ಕಲ್ಲು. ಅಲ್ಲಿ ಆಗ್ನೇಯ ಏಷ್ಯಾದ ನಂಟು ಸ್ಪಷ್ಟ, ಏಕೆಂದರೆ ಆಕಾರದ ಜೊತೆ ಮಡಕೆ, ಕಲ್ಲು ಎಲ್ಲವೂ ಒಂದೇ ದಿಕ್ಕಿಗೆ ಕೈ ತೋರಿ ನಿಲ್ಲುತ್ತವೆ. ಕಾಶ್ಮೀರದ ಬುರ್ಜಾಹೋಮ್‌ನಲ್ಲಿ ತೂತಿರುವ ಕಲ್ಲಿನ ಕೊಯ್ಲು ಚೂರಿಗಳಿವೆ. ಅವುಗಳ ಸಂಬಂಧಿಕರು ಉತ್ತರ ಚೀನಾದಲ್ಲಿದ್ದಾರೆ. ಒಂದೇ ದೇಶದಲ್ಲಿ ಮೂರು ನಾಲ್ಕು ಬೇರೆ ಬೇರೆ ನವಶಿಲಾಯುಗ. ಎಲ್ಲಕ್ಕೂ ಒಂದೇ ಮೂಲ ಹುಡುಕಲು ಹೊರಟದ್ದೇ ಹಳೆಯವರಿಗೆ ಆದ ತೊಡಕು.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ಹಿರೇಗುಡ್ಡದ ಕೊಡಲಿ ಎಲ್ಲೆಲ್ಲಿಗೆ ಹೋಯಿತು ಅಂತ ಅಬ್ಸಿಡಿಯನ್ ಹಾಗೆ ಪತ್ತೆ ಮಾಡಬಹುದಾ ಅಂತ. ಒಳ್ಳೆಯ ಪ್ರಶ್ನೆ. ಕಷ್ಟ ಇರುವುದು ಇಲ್ಲೇ. ಡೋಲರೈಟ್ ಪಟ್ಟಿಗಳು ನಮ್ಮ ದಖ್ಖನ್ನಿನ ದಕ್ಷಿಣ ಭಾಗದ ತುಂಬ ಇವೆ. ಬರಿಗಣ್ಣಿಗೆ ಎಲ್ಲವೂ ಒಂದೇ ಕಪ್ಪು. ಮೊದಲು ಒಂದೊಂದು ಪಟ್ಟಿಯ ರಸಾಯನವನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಬೇಕು, ಆಮೇಲೆ ಮಸ್ಕಿಯ ಕೊಡಲಿ, ತೆಕ್ಕಲಕೋಟೆಯ ಕೊಡಲಿ, ಹಳ್ಳೂರಿನ ಕೊಡಲಿ ತಂದು ಹೋಲಿಸಬೇಕು. ತಾಳ್ಮೆಯಿಂದ ಮಾಡಿದರೆ ಆಗುವ ಕೆಲಸ. ನಿಮ್ಮಲ್ಲಿ ಭೂವಿಜ್ಞಾನ ಓದುವವರು ಯಾರಾದರೂ ಇದ್ದರೆ ದಯವಿಟ್ಟು ಕೈ ಹಚ್ಚಿ.

ಆದರೆ ಹೋಲಿಸಲು ಆ ಕಲ್ಲಿನ ಪಟ್ಟಿ ಅಲ್ಲೇ ಉಳಿದಿರಬೇಕು. ಕಪ್ಪಗಲ್ಲಿನ ಸುತ್ತ ಜಲ್ಲಿಗಾಗಿ ಬಂಡೆ ಒಡೆದಿದ್ದಾರೆ. ಚಿತ್ರಗಳಿದ್ದ ಬಂಡೆಗಳೂ ಹೋಗಿವೆ. ಆ ಚಕ್ಕೆಗಳ ರಾಶಿಯನ್ನು ಸಲಿಕೆಯಲ್ಲಿ ತುಂಬಿ ಲಾರಿಗೆ ಹಾಕಿದರೆ ಮೂರೂವರೆ ಸಾವಿರ ವರ್ಷದ ಹಿಂದೆ ಯಾವ ಜಾಗದಲ್ಲಿ ಯಾರು ಕೂತು ಏನು ಕೆತ್ತಿದರು ಅನ್ನುವುದು ಅಲ್ಲಿಗೆ ಮುಗಿಯಿತು. ಅದಕ್ಕೇ ಒಂದು ಬೇಡಿಕೆ. ನಿಮ್ಮ ಹೊಲದಲ್ಲಿ, ಕೆರೆ ಅಂಗಳದಲ್ಲಿ ಇಂಥ ಕಪ್ಪು ಕಲ್ಲು ಸಿಕ್ಕರೆ ತೊಳೆಯಬೇಡಿ, ಉಜ್ಜಬೇಡಿ. ಎತ್ತುವ ಮುಂಚೆ ಬಿದ್ದಿದ್ದ ಜಾಗದಲ್ಲೇ ಫೋಟೋ ತೆಗೆಯಿರಿ, ಸರ್ವೆ ನಂಬರ್ ಬರೆದುಕೊಳ್ಳಿ, ಸುತ್ತ ಚಕ್ಕೆ ಇದೆಯಾ ನೋಡಿ. ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ಇದೆ, ಅಲ್ಲಿ ತಿಳಿಸಿ. ಕಲ್ಲು ಹಿಂದಿನ ಸಾಲಿನವರೆಗೂ ಬಂತಾ? ಬಾಯಿಯ ಎಡ ಮೂಲೆಯಲ್ಲಿ ಒಂದು ಸಣ್ಣ ಚಕ್ಕೆ ಹಾರಿದೆ ನೋಡಿ. ಅದು ಮಾಡುವಾಗ ಆದದ್ದಲ್ಲ. ಹೋದ ತಿಂಗಳು ಕಾವು ಕಟ್ಟಿ ಜಾಲಿಮರ ಕಡಿದಾಗ ಆದದ್ದು. ಕೊಂಬೆ ಉರುಳಲು ಅರ್ಧ ಗಂಟೆ ಹಿಡಿಯಿತು.